ಬಾಲ್ಕನಿ ಕಾಂಪೋಸ್ಟ್ ಬಕೆಟ್ ಗಟಾರದ ಹಾಗೆ ನಾರುತ್ತಿದೆ, ಹುಳು ಬೇರೆ!

ದಾಸವಾಳ (ಡೊಂಬಿವಲಿ):
ನಮಸ್ಕಾರ. ಮೂರನೇ ಮಹಡಿ, ಬಾಲ್ಕನಿಯಲ್ಲಿ ಹತ್ತು ಕುಂಡ. ಅವಕ್ಕೆ ಮನೆ ಗೊಬ್ಬರ ಮಾಡೋಣ ಅಂತ ಏಪ್ರಿಲ್‌ನಲ್ಲಿ ಕೆಳಗೆ ನಲ್ಲಿ ಇರುವ 20 ಲೀಟರ್ ಬಕೆಟ್ ತಂದೆ. ದಿನಾ ತರಕಾರಿ ಸಿಪ್ಪೆ, ಚಹಾ ಸೋಸಿದ ಪುಡಿ, ದೇವರಿಗೆ ಏರಿಸಿದ ಹೂವು, ಮೇಲೆ ಒಂದು ಮುಷ್ಟಿ ಕೋಕೋಪೀಟ್ (ತೆಂಗಿನ ನಾರಿನ ಪುಡಿ). ಮೇ ಕೊನೆವರೆಗೆ ಏನೂ ತಕರಾರಿಲ್ಲ. ಮಳೆ ಹಿಡಿದ ಮೇಲೆ ಮುಚ್ಚಳ ತೆಗೆಯೋ ಹಾಗಿಲ್ಲ. ಬೂದು ಬಣ್ಣದ ಚಪ್ಪಟೆ ಹುಳುಗಳು ಮುಚ್ಚಳಕ್ಕೇ ಹತ್ತಿ ಕೂತಿರುತ್ತವೆ. ಕಲ್ಚರ್ ಪುಡಿ (ಕೊಳೆಸುವ ಸೂಕ್ಷ್ಮಜೀವಿಗಳ ಪುಡಿ) ಎರಡು ಪಟ್ಟು ಹಾಕಿ ನೋಡಿದೆ, ಉಪಯೋಗವಿಲ್ಲ. ಪಕ್ಕದ ಮನೆ ಆಜಿ ನಿನ್ನೆ "ಉಂದೀರ್ ಮೇಲಾಯ್ ಕಾ?" (ಇಲಿ ಸತ್ತಿದೆಯಾ?) ಅಂತ ಮರಾಠಿಯಲ್ಲಿ ಕೇಳಿದರು. ಇಲಿ ಅಲ್ಲ ಆಜಿ, ನನ್ನ ಗೊಬ್ಬರ ಅನ್ನೋಕೆ ಬಾಯಿ ಬರಲಿಲ್ಲ.

ಗುಲಬಕ್ಷಿ (ಮುಲುಂಡ್):
ಸ್ವಲ್ಪ ಸುಣ್ಣ ಎರಚಿ. ಇಲ್ಲಾಂದ್ರೆ ನಾಲ್ಕು ಹನಿ ಫಿನಾಯಿಲ್.

ದರಕು (ಮಡಗಾಂವ್, ಮೂಲ ಶಿರಸಿ):
ಎರಡೂ ಬೇಡ. ಫಿನಾಯಿಲ್ ಹಾಕಿದರೆ ಕೊಳೆಸುವ ಜೀವಿಗಳೇ ಸಾಯುತ್ತವೆ. ಸುಣ್ಣ ಹಾಕಿದರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ, ಮೂಗಿಗೆ ಇನ್ನೊಂದು ಶಿಕ್ಷೆ.
ದಾಸವಾಳ ಅಕ್ಕ, ಮೂರು ವಿಷಯ ಹೇಳಿ. ವಾಸನೆ ಮೂತ್ರದ ಹಾಗೆ ಖಾರವಾಗಿದೆಯಾ, ಕೊಳೆತ ಮೊಟ್ಟೆ ಹಾಗಾ? ಒಂದು ಹಿಡಿ ತೆಗೆದು ಹಿಂಡಿದರೆ ಎಷ್ಟು ನೀರು ಬರುತ್ತದೆ? ನಲ್ಲಿಯಿಂದ ವಾರಕ್ಕೆ ಎಷ್ಟು ನೀರು ಇಳಿಯುತ್ತಿದೆ?

ದಾಸವಾಳ:
ಕೊಳೆತ ಮೊಟ್ಟೆಯೇ. ಗ್ಲೌಸ್ ಹಾಕಿ ಹಿಂಡಿದೆ, ಬೆರಳ ಸಂದಿಯಿಂದ ಧಾರೆ! ನಲ್ಲಿಯಿಂದ ಮಾತ್ರ ಒಂದು ಹನಿಯೂ ಬಂದಿಲ್ಲ, ಶುರುವಿನಿಂದಲೂ. ಅದು ಒಳ್ಳೇದಲ್ವಾ?

ದರಕು:
ಸಿಕ್ಕಿತು ಕಳ್ಳ. ನಲ್ಲಿ ಕಟ್ಟಿಕೊಂಡಿದೆ. ಸಿಪ್ಪೆಯಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರೇ ಇರುತ್ತದೆ, ಅದು ಎಲ್ಲಿಗೆ ಹೋಗಬೇಕು? ಬೇಸಿಗೆಯಲ್ಲಿ ಒಂದಿಷ್ಟು ಆವಿಯಾಗುತ್ತಿತ್ತು, ಈಗ ಆಗುತ್ತಿಲ್ಲ. ತಳದಲ್ಲಿ ನಿಂತಿದೆ, ಗಾಳಿಯಿಲ್ಲ, ಅದಕ್ಕೆ ಆ ವಾಸನೆ. ಕಲ್ಚರ್ ಪುಡಿಯಿಂದ ಏನೂ ಆಗಲ್ಲ, ಸುಮ್ನೆ ದುಡ್ಡು ದಂಡ.
ನಲ್ಲಿಯೊಳಗೆ ತಂತಿ ತೂರಿಸಿ ಬಿಡಿಸಿ. ಬಂದ ನೀರು ಮೋರಿಗೆ ಹೋಗಲಿ. ನಾರುವ ನೀರು ಕುಂಡಕ್ಕೆ ಬೇಡ. ಆಮೇಲೆ ಎಲ್ಲವನ್ನೂ ಹಳೇ ಪೇಪರ್ ಮೇಲೆ ಸುರಿದು, ತಳಕ್ಕೆ ನಾಲ್ಕು ಬೆರಳು ದಪ್ಪ ತೆಂಗಿನ ಚಿಪ್ಪಿನ ಚೂರು ಹಾಕಿ, ಉಳಿದದ್ದಕ್ಕೆ ಒಣ ಪದಾರ್ಥ ಬೆರೆಸಿ ವಾಪಸ್ ತುಂಬಿ. ಇನ್ನು ಮುಂದೆ ಒಂದು ಬಟ್ಟಲು ಸಿಪ್ಪೆಗೆ ಕಡಿಮೆ ಅಂದರೂ ಒಂದು ಬಟ್ಟಲು ಒಣದ್ದು. ಮುಷ್ಟಿ ಲೆಕ್ಕ ಸಾಲದು. ಹಿಂಡಿದರೆ ಒಂದೆರಡು ಹನಿ ಬರಬೇಕು, ಅಷ್ಟೇ.
ನಮ್ಮ ಕಡೆ ಕೊಟ್ಟಿಗೆಗೆ ದರಕು, ಅಂದರೆ ಉದುರಿದ ಒಣ ಎಲೆ, ಹಾಸುತ್ತಾರಲ್ಲ, ಅದೇ ಲೆಕ್ಕ. ದರಕು ಕಡಿಮೆಯಾದ ವರ್ಷ ಗೊಬ್ಬರಗುಂಡಿ ಹತ್ತಿರ ಹೋಗೋಕಾಗುತ್ತಿರಲಿಲ್ಲ.
ಆ ಚಪ್ಪಟೆ ಹುಳು ಬ್ಲ್ಯಾಕ್ ಸೋಲ್ಜರ್ ನೊಣದ ಮರಿ ಇರಬೇಕು. ಆ ನೊಣ ಕಚ್ಚಲ್ಲ, ಅಡುಗೆ ಮೇಲೂ ಕೂರಲ್ಲ. ಒಳಗೆ ಜಾಸ್ತಿ ಒದ್ದೆಯಾದಾಗ ಮರಿಗಳು ಮೇಲಕ್ಕೆ ಹತ್ತುತ್ತವೆ.

ದಾಸವಾಳ:
ಈ ಮಳೆಯಲ್ಲಿ ಒಣ ಎಲೆ ಎಲ್ಲಿಂದ ತರಲಿ?

ಟೆರೇಸ್ ತೋಟ (ಪುಣೆ):
ಪಾರ್ಸಲ್ ಬರುವ ರಟ್ಟಿನ ಡಬ್ಬಿ. ಟೇಪು ಕಿತ್ತು ಬೆರಳಗಲ ಚೂರು ಮಾಡಿ. ಮೊಟ್ಟೆ ಟ್ರೇ, ನ್ಯೂಸ್‌ಪೇಪರ್ ಸಹ ಆಗುತ್ತದೆ. ಬಡಗಿ ಹತ್ತಿರ ಮರದ ಹೊಟ್ಟು ತರುವುದಾದರೆ ಪ್ಲೈವುಡ್ ಕೊಯ್ದದ್ದು ಬೇಡ, ಅದರಲ್ಲಿ ಅಂಟು ಇರುತ್ತದೆ. ನಾನು ಕಬ್ಬಿನ ಹಾಲಿನ ಅಂಗಡಿಯ ಸಿಪ್ಪೆ ಒಣಗಿಸಿ ಇಟ್ಟುಕೊಳ್ಳುತ್ತೇನೆ, ಆದರೆ ಅದು ಬೇಸಿಗೆಯ ಕೆಲಸ. ಮುಂದಿನ ಸಲ ಮಾರ್ಚ್‌ನಲ್ಲೇ ವಾಚ್‌ಮನ್ ಹತ್ತಿರ ಹೇಳಿ, ಗುಡಿಸಿದ ಎಲೆ ಎರಡು ಗೋಣಿ ತುಂಬಿಸಿ ಇಡಿ.

ದಾಸವಾಳ (ಒಂಬತ್ತು ದಿನದ ನಂತರ):
ನಲ್ಲಿ ಬಾಯಿಗೆ ಮಾವಿನ ವಾಟೆಯ ನಾರು ಸಿಕ್ಕಿಕೊಂಡಿತ್ತು! ತಂತಿ ಎಳೆದ ತಕ್ಷಣ ಕಪ್ಪು ನೀರು ಬುಸ್ ಅಂತ ಬಂತು, ಎರಡು ಲೀಟರ್‌ಗೆ ಕಡಿಮೆಯಿಲ್ಲ. ನೈಟಿ ತುಂಬಾ ಕಲೆ. ಮೂರು ರಟ್ಟಿನ ಡಬ್ಬಿ ಹರಿದು ಬೆರೆಸಿದೆ. ನಾಲ್ಕನೇ ದಿನಕ್ಕೆ ವಾಸನೆ ಹೋಯಿತು, ಈಗ ಮಳೆ ಬಿದ್ದ ಮಣ್ಣಿನ ವಾಸನೆ. ಹುಳು ಇನ್ನೂ ಇವೆ, ಮೇಲೆ ಬರುತ್ತಿಲ್ಲ. ಆದರೆ ರಟ್ಟಿನ ಮೇಲೆ ಹತ್ತಿಯ ಹಾಗೆ ಬಿಳಿ ಬೂಷ್ಟು ಬಂದಿದೆ. ತೆಗೆದುಬಿಡಲಾ?

ದರಕು:
ಬೇಡ ಬೇಡ. ಅದೇ ರಟ್ಟು ಕರಗಿಸುವುದು. ಮುಚ್ಚಳ ಮುಚ್ಚಿ.