ಮಂಡ್ಯದಲ್ಲಿ 70 ಸೀಟಿನ ಸಣ್ಣ ಟಾಕೀಸು: ಜನ ಬರ್ತಾರಾ ಅಂತ ಮೊದಲೇ ತಿಳಿಯೋದು ಹೇಗೆ?

ಗೊಬ್ಬರದಂಗಡಿ ಮಗ, ಮಂಡ್ಯ
ಎಲ್ರಿಗೂ ನಮಸ್ಕಾರ. ಅಪ್ಪನ ಗೊಬ್ಬರದಂಗಡಿ ಮಹಡಿ ಮೇಲೆ ದೊಡ್ಡ ಹಾಲ್ ಖಾಲಿ ಬಿದ್ದಿದೆ. ಅಲ್ಲಿ 70 ಸೀಟಿನ ಥಿಯೇಟರ್ ಮಾಡ್ಬೇಕು ಅನ್ನೋದು ನನ್ನ ಬಹಳ ದಿನದ ಆಸೆ. ಒಂದೇ ವಾರಕ್ಕೆ ಎತ್ತಿಬಿಡ್ತಾರಲ್ಲ, ಅಂಥ ಸಣ್ಣ ಕನ್ನಡ ಸಿನಿಮಾಗಳನ್ನ ಮೂರು ವಾರ ಓಡಿಸೋಣ ಅಂತ. ಊರಲ್ಲಿರೋ ಥಿಯೇಟರ್‌ಗಳ ಪಟ್ಟಿ ಮಾಡಿದೀನಿ, ಸೀಟು, ಟಿಕೆಟ್ ದರ ಎಲ್ಲ ಬರ್ಕೊಂಡಿದೀನಿ. ಆದ್ರೂ ಧೈರ್ಯ ಬರ್ತಿಲ್ಲ. ಇನ್ನೇನು ನೋಡ್ಬೇಕು?

ಹಳೇ ಆಪರೇಟರ್, ಮೈಸೂರು
ತಮ್ಮಾ, ಮೈಸೂರಿನ ಟಾಕೀಸಲ್ಲಿ 31 ವರ್ಷ ಪ್ರೊಜೆಕ್ಟರ್ ರೂಮಲ್ಲಿದ್ದೋನು ನಾನು. ಕಾರ್ಬನ್ ಕಡ್ಡಿ ಉರಿಸಿ ಬೆಳಕು ಮಾಡಿದೀನಿ, ಕಡೆಗೆ ಹಾರ್ಡ್‌ಡಿಸ್ಕ್ ಹಾಕಿ ಸಿನಿಮಾ ತೆರೆಯೋ ಡಿಜಿಟಲ್ ಕೀಲಿ ಬರೋದನ್ನೇ ಕಾಯ್ತಾ ಕೂತಿದೀನಿ. ನಿಮ್ಮ ಪಟ್ಟಿ ಬೇಕು, ಆದ್ರೆ ಸಾಲದು. ನಿಮಗೆ ಪೈಪೋಟಿ ಮಂಡ್ಯದ ಥಿಯೇಟರ್‌ಗಳಲ್ಲ, ಮೈಸೂರಿನ ರಸ್ತೆ. 2023ರಲ್ಲಿ ಹೆದ್ದಾರಿ ಆದಮೇಲೆ ಕಾರಿದ್ದೋರು ಭಾನುವಾರ ಮಕ್ಕಳನ್ನ ಹತ್ತಿಸ್ಕೊಂಡು ಇಲ್ಲಿನ ಮಾಲ್‌ಗೇ ಬರ್ತಾರೆ. ಅವರನ್ನ ನಿಮ್ಮ ಲೆಕ್ಕದಿಂದ ತೆಗೆದುಬಿಡಿ.

ಮಂಗಳವಾರ ಮ್ಯಾಟ್ನಿಗೆ ಯಾವುದಾದ್ರೂ ಥಿಯೇಟರ್ ಗೇಟ್ ಹತ್ರ ನಿಂತು ತಲೆ ಎಣಿಸಿ. ಶುಕ್ರವಾರದ ಜನಸಂದಣಿ ನೋಡಿ ಮೋಸ ಹೋಗ್ಬೇಡಿ. ನಾಲ್ಕು ವಾರ ಎಣಿಸಿ: ಪಿಯು ಪರೀಕ್ಷೆ ಟೈಮಲ್ಲಿ ಒಂದು, ಐಪಿಎಲ್ ನಡೀವಾಗ ಒಂದು, ಕಬ್ಬಿನ ಬಿಲ್ ರೈತರ ಕೈಗೆ ಬಂದಾಗ ಒಂದು, ಏನೂ ಇಲ್ಲದ ಸಾದಾ ವಾರ ಒಂದು. ಆ ಸಾದಾ ವಾರದ ಲೆಕ್ಕದಲ್ಲೇ ನಿಮ್ಮ ಕರೆಂಟ್ ಬಿಲ್ಲು ಕಟ್ಟೋಕಾಗ್ಬೇಕು.

ಈಗ ದುಡ್ಡು. 70 ಸೀಟು, ದಿನಕ್ಕೆ ನಾಲ್ಕು ಆಟ, 280 ಟಿಕೆಟ್. ಕಾಲು ಭಾಗ ತುಂಬಿದ್ರೆ 70 ಟಿಕೆಟ್, ನೂರರಂತೆ 7,000. ಹಂಚಿಕೆದಾರರ ಜೊತೆ ಅರ್ಧರ್ಧ ಅಂದ್ಕೊಂಡ್ರೆ ನಿಮಗೆ 3,500. ಅದರಲ್ಲೇ ಎಸಿ, ಪ್ರೊಜೆಕ್ಟರ್ ಕಂತು, ಮೂರು ಜನರ ಸಂಬಳ. 2025ರ ಸೆಪ್ಟೆಂಬರ್ 22ರಿಂದ ನೂರು ರೂಪಾಯಿವರೆಗಿನ ಟಿಕೆಟ್‌ಗೆ ಜಿಎಸ್‌ಟಿ 5%, ಮೇಲಿನದಕ್ಕೆ 18%. 120 ಇಟ್ರೆ ಜನ ಕೊಡೋದು 141 ರೂಪಾಯಿ 60 ಪೈಸೆ. ನೂರರಲ್ಲೇ ಇರಿ.

ಸಿನಿಮಾ ಸಿಗುತ್ತಾ ಅನ್ನೋದೇ ದೊಡ್ಡ ಪ್ರಶ್ನೆ. ಕೆಲಸ ಶುರು ಮಾಡೋಕೆ ಮುಂಚೆ ಬೆಂಗಳೂರಿನ ಗಾಂಧಿನಗರಕ್ಕೆ ಹೋಗಿ ಹತ್ತು ಜನ ಹಂಚಿಕೆದಾರರನ್ನ ಕೇಳಿ: ಎರಡನೇ ವಾರಕ್ಕೆ ಕೊಡ್ತೀರಾ, ಯಾವ ಶೇಕಡಾದಲ್ಲಿ, ಮಿನಿಮಮ್ ಗ್ಯಾರಂಟಿ (ಸಿನಿಮಾ ಓಡಲಿ ಬಿಡಲಿ ಕೊಡಲೇಬೇಕಾದ ದುಡ್ಡು) ಕೇಳ್ತೀರಾ? ನಾನಿದ್ದ ಟಾಕೀಸು ಒಂದು ದೊಡ್ಡ ಚಿತ್ರಕ್ಕೆ ಗ್ಯಾರಂಟಿ ಕಟ್ಟಿ ಸೋತಿತು, ಆಮೇಲೆ ಮೇಲೇಳಲೇ ಇಲ್ಲ. ಕೊನೇ ಆಟದಲ್ಲಿ ಹನ್ನೊಂದು ಜನ ಇದ್ರು. ಮುಗಿದ ಮೇಲೂ ಅರ್ಧ ಗಂಟೆ ದೀಪ ಆರಿಸೋಕೆ ನನಗೆ ಕೈ ಬರಲಿಲ್ಲ. 2020ರಲ್ಲಿ ನಮ್ಮ ಮೈಸೂರಿನ ಶಾಂತಲಾ ಟಾಕೀಸು ಮುಚ್ಚಿದಾಗ ಆ ಸಂಕಟ ಇನ್ನೊಂದು ಸಲ ಆಯ್ತು. ಅದಕ್ಕೇ ಇಷ್ಟು ಒತ್ತಿ ಹೇಳ್ತಿದೀನಿ.

ಇನ್ನೊಂದು, ಕೆಳಗೆ ಗೊಬ್ಬರ, ಔಷಧಿ ದಾಸ್ತಾನು ಇಟ್ಕೊಂಡು ಮೇಲೆ ಜನರನ್ನ ಕೂರಿಸೋಕೆ ಅಗ್ನಿಶಾಮಕದವರು ಒಪ್ಪೋದು ಕಷ್ಟ. ಡಿಸಿ ಆಫೀಸಲ್ಲಿ ಲೈಸೆನ್ಸ್ ವಿಚಾರಿಸೋ ದಿನವೇ ಇದನ್ನೂ ಕೇಳಿ.

ಹಾಸ್ಟೆಲ್ ರೂಮ್ 14
ನಾನು ಇಲ್ಲೇ ಇಂಜಿನಿಯರಿಂಗ್ ಓದ್ತಿರೋದು. ನಾವು ಮೈಸೂರಿಗೆ ಹೋಗೋದು ಎಸಿಗಾಗಿ ಅಲ್ಲ ಅಣ್ಣ, ನಮಗೆ ಬೇಕಾದ ಸಿನಿಮಾ ಇಲ್ಲಿ ಬರೋದೇ ಇಲ್ಲ ಅಂತ. ಹೋಗಿಬರೋ ಬಸ್ ಚಾರ್ಜೇ ಟಿಕೆಟ್‌ನಷ್ಟಾಗುತ್ತೆ. ಸಂಜೆ ಆರಕ್ಕೆ ಆಟ ಇಟ್ಟು ಒಂಬತ್ತರೊಳಗೆ ಬಿಟ್ರೆ ಹುಡುಗೀರ ಹಾಸ್ಟೆಲ್‌ನೋರೂ ಬರ್ತಾರೆ. ಫಸ್ಟ್ ಶೋ ಆರೂ ಮುಕ್ಕಾಲಿಗೆ ಅಂದ್ರೆ ಆಗಲ್ಲ.

ಗೊಬ್ಬರದಂಗಡಿ ಮಗ, ಮಂಡ್ಯ
ಸಾರ್, ನಿನ್ನೆ ಮಂಗಳವಾರ ಹೋಗಿ ನಿಂತೆ. ಮ್ಯಾಟ್ನಿಗೆ 23 ಜನ. ಅದರಲ್ಲಿ ಒಂಬತ್ತು ಜನ ಬಿಸಿಲಿಗೆ ಬಂದೋರು ಅನ್ಸುತ್ತೆ, ಇಂಟರ್‌ವಲ್‌ಗೆ ಎದ್ದು ಹೋದ್ರು. ಒಬ್ಬ ಅಜ್ಜ ಮಾತ್ರ ಮೊಮ್ಮಗಳ ಕೈ ಹಿಡ್ಕೊಂಡು ಬಂದು, ಟಿಕೆಟ್ ಹರಿದ ಮೇಲೂ ಆ ತುಂಡನ್ನ ಜೋಪಾನವಾಗಿ ಜುಬ್ಬದ ಜೇಬಿಗೆ ಹಾಕ್ಕೊಂಡ್ರು. ಅಪ್ಪನ ಹತ್ರ ದಾಸ್ತಾನಿನ ಮಾತು ತೆಗೆದೆ, ಗೋಡೌನ್ ಹೊರಗೆ ಮಾಡೋಕೆ ಒಪ್ಪಿದ್ದಾರೆ. ಮುಂದಿನ ಸೋಮವಾರ ಗಾಂಧಿನಗರಕ್ಕೆ ಹೊರಟಿದೀನಿ. ನೀವು ಜೊತೆಗೆ ಬರೋಕಾಗುತ್ತಾ ಸಾರ್? ಬೆಳಿಗ್ಗೆ ಮೈಸೂರಿಗೇ ಬಂದು ಕರ್ಕೊಂಡು ಹೋಗ್ತೀನಿ.