ಸಹಾಯ ಬೇಕು: ಓದು ಬಳಗಕ್ಕೆ ಪುಸ್ತಕ ಆರಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ನಮ್ಮದೊಂದು ಸಣ್ಣ ಓದು ಬಳಗ ಇದೆ. ತಿಂಗಳಿಗೊಂದು ಕನ್ನಡ ಪುಸ್ತಕ ಓದಿ, ಕೊನೆಯ ಭಾನುವಾರ ಯಾರದಾದರೂ ಮನೆಯಲ್ಲಿ ಸೇರುತ್ತೇವೆ. 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ಹೊಸಬರು ಜಾಸ್ತಿಯಾದರು. ತುಂಬಾ ಖುಷಿ. ಆದರೆ ಈಗ ಪುಸ್ತಕ ಆರಿಸುವುದೇ ಕಷ್ಟವಾಗಿದೆ.

ಹಿರಿಯರಿಗೆ ‘ಮಲೆಗಳಲ್ಲಿ ಮದುಮಗಳು’ ತರಹದ ದೊಡ್ಡ ಕಾದಂಬರಿ ಬೇಕು. ಕೆಲಸಕ್ಕೆ ಹೋಗುವವರು ಅಷ್ಟು ಪುಟ ತಿಂಗಳಲ್ಲಿ ಮುಗಿಯಲ್ಲ, ಕಥಾಸಂಕಲನ ಸಾಕು ಅನ್ನುತ್ತಾರೆ. ವಾಟ್ಸಾಪ್‌ನಲ್ಲಿ ಪೋಲ್ ಹಾಕಿ ನೋಡಿದೆವು. ಯಾವಾಗಲೂ ಹೆಚ್ಚು ಜನ ಇರುವ ಕಡೆಯೇ ಗೆಲ್ಲುತ್ತದೆ. ಉಳಿದವರು ಪುಸ್ತಕ ತೆರೆಯುವುದೇ ಇಲ್ಲ, ಭಾನುವಾರ ಬಂದು ಸುಮ್ನೆ ಕಾಫಿ ಕುಡಿದು ಹೋಗುತ್ತಾರೆ. ಆಮೇಲೆ ಸರದಿಯಂತೆ ಒಬ್ಬೊಬ್ಬರು ಆರಿಸಲಿ ಅಂದೆವು. ಒಬ್ಬರು ಹೇಳಿದ ಪುಸ್ತಕ ಯಾವ ಅಂಗಡಿಯಲ್ಲೂ ಇರಲಿಲ್ಲ. ಗ್ರಂಥಾಲಯದ ಒಂದೇ ಪ್ರತಿ, ಬೆನ್ನು ಕಿತ್ತು ದಾರ ಕಾಣುತ್ತಿದ್ದದ್ದು, ಕೈಯಿಂದ ಕೈಗೆ ಹೋಯಿತು. ಅರ್ಧ ಜನಕ್ಕೆ ಅದು ತಲುಪಲೇ ಇಲ್ಲ. ಚೀಟಿ ಎತ್ತುವುದು ನನಗೆ ಒಪ್ಪಿಗೆಯಿಲ್ಲ. ಓದುವ ಪುಸ್ತಕವನ್ನು ಅದೃಷ್ಟಕ್ಕೆ ಬಿಡಬಾರದು ಅಲ್ವಾ?

ನನ್ನ ಗೊಂದಲ ಇಷ್ಟು: ಸರದಿಯನ್ನೇ ಮುಂದುವರಿಸಿ, ದೊಡ್ಡ ಕಾದಂಬರಿಗೆ ಎರಡು ತಿಂಗಳು ಕೊಡಬೇಕಾ? ಅಥವಾ ಒಂದೇ ಲೇಖಕರ ಬೇರೆ ಬೇರೆ ಪುಸ್ತಕಗಳನ್ನು ಅವರವರಿಗೆ ಬೇಕಾದಂತೆ ಓದಿ ಬರಲು ಬಿಡಬೇಕಾ? ಹಾಗೆ ಮಾಡಿದರೆ ಚರ್ಚೆ ನಡೆಯುತ್ತದಾ? ನಿಮ್ಮ ಬಳಗದಲ್ಲಿ ಮಾಡಿ ನೋಡಿದ್ದರೆ ದಯವಿಟ್ಟು ಹೇಳಿ.