‘ಗ್ರಾಂ ಮಗಜಾಂ’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ಪ್ಯಾರಿಸ್‌ನ ಗ್ಯಾಲರಿ ಲಾಫಾಯೆತ್ ಎಂಬ ಭಾರಿ ಅಂಗಡಿಯ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ಕೆಲವು ಪದಗಳ ಹತ್ತಿರ ನಿಂತುಬಿಟ್ಟಿದ್ದೇನೆ. ಬಲ್ಲವರು ದಾರಿ ತೋರಿಸಿ.

ಇದು ಶುರುವಾದದ್ದು 1890ರ ದಶಕದಲ್ಲಿ. ಅಲ್ಸಾಸ್ ಕಡೆಯಿಂದ ಬಂದ ತಿಯೋಫಿಲ್ ಬಾಡೇರ್ ಮತ್ತು ಅಲ್ಫೋನ್ಸ್ ಕಾನ್ ಎಂಬ ನೆಂಟರಿಬ್ಬರು ಲಾಫಾಯೆತ್ ಬೀದಿಯ ಮೂಲೆಯಲ್ಲಿ 70 ಚದರ ಮೀಟರ್ ಜಾಗದಲ್ಲಿ ಅಂಗಡಿ ಇಟ್ಟರು. ಬೀದಿಯ ಹೆಸರೇ ಅಂಗಡಿಗೂ ಬಂತು. ಮಾರುತ್ತಿದ್ದದ್ದು ರಿಬ್ಬನ್ನು, ಕೈಗವಸು, ಟೋಪಿಗೆ ಹಾಕುವ ತೆಳು ಜಾಲರಿ ಇಂಥವು. ಇಂಥ ಸರಕಿಗೆ ಫ್ರೆಂಚರು ‘ನುವೋತೆ’ ಅನ್ನುತ್ತಿದ್ದರು, ಅಂದರೆ ಹೊಸದಾಗಿ ಬಂದದ್ದು. ‘ನವೀನ ವಸ್ತುಗಳ ಮಾರಾಟ ಕೇಂದ್ರ’ ಅಂತ ಬರೆದು ಅಳಿಸಿದೆ. ಪೇಟೆಯ ಕಿರಿದಾದ ಅಂಗಡಿ, ಗಾಜಿನ ಪೆಟ್ಟಿಗೆಯಲ್ಲಿ ಕ್ಲಿಪ್ಪು, ಸುರುಳಿ ಬಿಚ್ಚಿ ಮೊಳ ಹಾಕಿ ಕೊಡುವ ಲೇಸು: ಇದು ನಮ್ಮ ಫ್ಯಾನ್ಸಿ ಸ್ಟೋರೇ ಅಲ್ವಾ? ಹಾಗೇ ಬರೆಯಲು ನನಗಂತೂ ಹಿಂಜರಿಕೆಯಿಲ್ಲ.

ಕಷ್ಟ ಬರುವುದು ಆಮೇಲೆ. 1896ರಲ್ಲಿ ಅವರು ಇಡೀ ಕಟ್ಟಡ ಕೊಂಡರು. 1905ರಲ್ಲಿ ಓಸ್ಮಾನ್ ಬುಲೆವಾರ್ಡಿನ ಕಟ್ಟಡಗಳೂ ಸೇರಿದವು. 1912ರಲ್ಲಿ 43 ಮೀಟರ್ ಎತ್ತರದ ಬಣ್ಣದ ಗಾಜಿನ ಗುಮ್ಮಟ ಎದ್ದಿತು. ಈಗ ಅದು ‘ಗ್ರಾಂ ಮಗಜಾಂ’, ಅಂದರೆ ಬಗೆಬಗೆಯ ಸರಕನ್ನು ಬೇರೆ ಬೇರೆ ವಿಭಾಗ ಮಾಡಿ ಒಂದೇ ಸೂರಿನಡಿ ಮಾರುವ ದೊಡ್ಡ ಅಂಗಡಿಗೆ ಫ್ರೆಂಚರು ಅನ್ನುವ ಹೆಸರು. ಇದಕ್ಕೆ ‘ಡಿಪಾರ್ಟ್‌ಮೆಂಟಲ್ ಸ್ಟೋರ್’ ಅಂದರೆ ನಮ್ಮವರ ಕಣ್ಣಮುಂದೆ ಬೇಳೆ, ಸೋಪು, ಬಿಸ್ಕತ್ತು ಬರುತ್ತದೆ. ‘ವಿಭಾಗೀಯ ಮಳಿಗೆ’ ಅಂದರೆ ಸರ್ಕಾರಿ ಕಚೇರಿಯ ವಾಸನೆ.

‘ಮಗಜಾಂ’ ಅರಬ್ಬಿಯ ‘ಮಖ್ಜನ್’ನಿಂದ ಬಂದದ್ದು. ಮೂಲ ಅರ್ಥ ಉಗ್ರಾಣ. ಇಂಗ್ಲಿಷಿನ ಮ್ಯಾಗಜೀನ್ ಕೂಡ ಅದರ ನೆಂಟನೇ. ಹಾಗಂತ ‘ಉಗ್ರಾಣ’ ಅನ್ನಲಾಗದು, ಮದುವೆಮನೆಯ ಅಕ್ಕಿಮೂಟೆ ನೆನಪಾಗುತ್ತದೆ. ಸದ್ಯಕ್ಕೆ ‘ಮಹಾಮಳಿಗೆ’ ಅಂತ ಇಟ್ಟುಕೊಂಡಿದ್ದೇನೆ. ಓದಿದ ತಕ್ಷಣ ದೊಡ್ಡದು ಅನ್ನುವುದೂ ಗೊತ್ತಾಗುತ್ತದೆ, ಅಂಗಡಿ ಅನ್ನುವುದೂ ಗೊತ್ತಾಗುತ್ತದೆ.

ಇನ್ನೊಂದು ಪದ ನನಗೆ ತುಂಬ ಹಿಡಿಸಿತು. ಒಳಗಿನ ಒಂದೊಂದು ವಿಭಾಗಕ್ಕೂ ಅಲ್ಲಿ ‘ರೆಯೋಂ’ ಅನ್ನುತ್ತಾರೆ. ಅದಕ್ಕೆ ಕಪಾಟಿನ ಹಲಗೆ ಅಂತಲೂ ಅರ್ಥವಿದೆ, ಜೇನಿನ ಎರಿ ಅಂತಲೂ ಇದೆ. ಗುಮ್ಮಟದ ಕೆಳಗೆ ಸುತ್ತಲೂ ಮೇಲಕ್ಕೇರುವ ಮಹಡಿಗಳ ಚಿತ್ರ ನೋಡಿ, ಎರಿಯೇ. ಬಟ್ಟೆ ಅಂಗಡಿಯವರು ಸೀರೆ ಸೆಕ್ಷನ್, ಮಕ್ಕಳ ಸೆಕ್ಷನ್ ಅನ್ನುತ್ತಾರಲ್ಲ, ಆ ಸೆಕ್ಷನ್ನಿಗೆ ನಿಮ್ಮ ಕಡೆ ಬೇರೆ ಮಾತು ಇದೆಯೇ? ಹಳೆಯ ಜವಳಿ ವ್ಯಾಪಾರದ ಮನೆತನದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.